ಹಳೇ ತಾಲೂಕು ಕಚೇರಿಯೊಳಗೆ ನಮ್ಮ ಶಾಲೆ: ಎರಡು ಚುನಾವಣೆ, ಮೂರು ಮೀಟರ್, ಒಂದು ಬೀಗದ ಕೈ

2025ರ ಜೂನ್ ಮೊದಲ ವಾರ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಪೇಟೆ ನಡುವಿನ ಹಳೇ ತಾಲೂಕು ಕಚೇರಿಗೆ ಬಂತು. ಹನ್ನೊಂದು ವರ್ಷ ಬೀಗ ಬಿದ್ದಿದ್ದ ಕಟ್ಟಡ. ಅದನ್ನು ಶಾಲೆ ಮಾಡಿಸೋಕೆ ನಾವು ಓಡಾಡಿದ್ದು ಎರಡು ವರ್ಷ ಹತ್ತು ತಿಂಗಳು. ಆ ಓಡಾಟದಲ್ಲಿ ಕಡಿಮೆ ಅಂದರೂ ಒಂದು ವರ್ಷ ನಮ್ಮ ತಿಳಿಗೇಡಿತನದಿಂದಲೇ ಹೋಯಿತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮಿನಿ ವಿಧಾನಸೌಧ ಕಟ್ಟಿದ ಎಷ್ಟೋ ತಾಲೂಕುಗಳಲ್ಲಿ ಹಳೇ ಕಚೇರಿ ಪಾರಿವಾಳಕ್ಕೆ ಬಿಟ್ಟುಕೊಟ್ಟಂತೆ ಬಿದ್ದಿದೆ. ಪಕ್ಕದಲ್ಲೇ ಒಂದು ಶಾಲೆ ಸೋರುತ್ತಿರುತ್ತದೆ. ಎರಡನ್ನೂ ನೋಡಿ ಯಾರಿಗಾದರೂ ನಮಗೆ ಬಂದ ಯೋಚನೆಯೇ ಬಂದರೆ, ಇದನ್ನು ಓದಿಕೊಂಡು ಹೊರಡಿ.

ನನ್ನ ಬಗ್ಗೆ ಎರಡು ಮಾತು. ನನ್ನದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ, ಅದೇ ಹಳೇ ಕಚೇರಿ ಎದುರಿಗೆ. ನಮ್ಮಪ್ಪ ಟೈಪ್‌ರೈಟರ್ ಇಟ್ಟುಕೊಂಡು ಕಚೇರಿ ಜಗಲಿಯಲ್ಲೇ ಕೂತು ಅರ್ಜಿ ಹೊಡೆಯುತ್ತಿದ್ದವರು. 2014ರಲ್ಲಿ ಕಚೇರಿ ಬಸ್ ಸ್ಟ್ಯಾಂಡ್ ಹಿಂದಿನ ಮಿನಿ ವಿಧಾನಸೌಧಕ್ಕೆ ಹೋದಾಗ ನನ್ನ ವ್ಯಾಪಾರ ಅರ್ಧಕ್ಕೆ ಬಿತ್ತು. ಜನ್ಮಕ್ಕಾಗುವಷ್ಟು ಬೇರೆಯವರ ಅರ್ಜಿ ಬರೆದಿದ್ದೇನೆ. ಅರ್ಜಿ ಹಿಡಿದುಕೊಂಡು ಬೆಂಚಿನ ಮೇಲೆ ಕಾಯುವುದು ಹೇಗಿರುತ್ತದೆ ಅಂತ ಗೊತ್ತಾಗಿದ್ದು ಮಾತ್ರ ಈಗ.

ಶುರುವಾಗಿದ್ದು 2022ರ ಆಗಸ್ಟ್ ಮಳೆಯಲ್ಲಿ. ಆ ವರ್ಷದ ಮಳೆ ಎಲ್ಲರಿಗೂ ನೆನಪಿರಬೇಕು. ಒಂದು ರಾತ್ರಿ ನಮ್ಮ ಶಾಲೆಯ ನಲಿ-ಕಲಿ ಕೋಣೆಯ ಹಿಂದಿನ ಗೋಡೆ ಕುಸಿಯಿತು. ರಾತ್ರಿ ಆಗಿದ್ದಕ್ಕೆ ಯಾರಿಗೂ ಏನೂ ಆಗಲಿಲ್ಲ. ಬೆಳಿಗ್ಗೆ ನೋಡಿದರೆ ಗೋಡೆಗೆ ಅಂಟಿಸಿದ್ದ ಅಕ್ಷರದ ಚಾರ್ಟು ಕೆಸರಿನಲ್ಲಿ ಬಿದ್ದಿತ್ತು. ನನ್ನ ಮಗಳು ಆಗ 5ನೇ ಕ್ಲಾಸು. ಎಂಜಿನಿಯರ್ ಬಂದು ಉಳಿದ ಮೂರು ಕೋಣೆಗೂ ಸೇರಿಸಿ ‘ಶಿಥಿಲ’ ಅಂತ ಬರೆದುಕೊಟ್ಟು ಹೋದರು. 146 ಮಕ್ಕಳು, 6 ಜನ ಟೀಚರ್‌ಗಳು, ಎಲ್ಲರೂ ಸಮುದಾಯ ಭವನಕ್ಕೆ. ಒಂದೇ ಹಾಲ್‌ನಲ್ಲಿ ಏಳು ಕ್ಲಾಸು. 2ನೇ ಕ್ಲಾಸಿನವರು ಮಗ್ಗಿ ಹೇಳುವಾಗ 6ನೇ ಕ್ಲಾಸಿನವರೂ ಅದನ್ನೇ ಹೇಳುತ್ತಿದ್ದರು. ಭವನದಲ್ಲಿ ಮದುವೆ ಇದ್ದರೆ ಶಾಲೆಗೆ ರಜೆ. ಮಾಘ ಮಾಸ ಬಂದರೆ ಕೇಳಲೇಬೇಡಿ.

ಮೇಲಿನವರು ಕೊಟ್ಟ ದಾರಿ ವಿಲೀನ. ಬೈಪಾಸ್ ಆಚೆ ಇರುವ ಶಾಲೆಗೆ ಸೇರಿಸಿಬಿಡಿ ಅಂದರು. ಅದು ಎರಡು ಕಿಲೋಮೀಟರ್‌ಗಿಂತ ಜಾಸ್ತಿ, ನಡುವೆ ಲಾರಿ ಓಡಾಡುವ ರಸ್ತೆ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮದ ಪ್ರಕಾರ 1ರಿಂದ 5ನೇ ಕ್ಲಾಸಿನ ಮಕ್ಕಳಿಗೆ ಶಾಲೆ 1 ಕಿಲೋಮೀಟರ್ ಒಳಗೆ ಇರಬೇಕು. ನಮ್ಮ ಹೆಡ್ ಮೇಡಂ ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದರು, ಪ್ರತಿ ಮೀಟಿಂಗಿನಲ್ಲೂ ಅದನ್ನು ತೆಗೆದು ಓದುತ್ತಿದ್ದರು. ವಿಲೀನ ನಿಂತಿದ್ದು ಆ ಚೀಟಿಯಿಂದಲೇ ಅಂತ ನನ್ನ ನಂಬಿಕೆ.

ಹಳೇ ಕಚೇರಿಯ ಯೋಚನೆ ಬಂದಿದ್ದು ನನಗಲ್ಲ, ನನ್ನ ಹೆಂಡತಿಗೆ. ಸಮುದಾಯ ಭವನದಲ್ಲಿ ಯಾರದೋ ನಾಮಕರಣ ಅಂತ ಮಗಳು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಊಟ ತಂದ ನನ್ನಾಕೆ ಎದುರಿನ ಕಟ್ಟಡ ನೋಡಿ, ‘ಇಷ್ಟು ದೊಡ್ಡದು ಖಾಲಿ ಬಿದ್ದಿದೆಯಲ್ರೀ, ಇಲ್ಲೇ ಕೂರಿಸಬಾರದಾ?’ ಅಂದಳು. ಎಂಟು ವರ್ಷದಿಂದ ದಿನಾ ನೋಡುತ್ತಿದ್ದ ನನಗೆ ಅದು ಹೊಳೆದಿರಲಿಲ್ಲ.

ಮೊದಲು ಒಳಗೆ ಹೋಗಿ ನೋಡಬೇಕಲ್ಲ, ಬೀಗದ ಕೈ ಯಾರ ಹತ್ತಿರ? ಇದನ್ನು ಪತ್ತೆ ಮಾಡೋಕೆ 19 ದಿನ ಬೇಕಾಯಿತು. ಕಂದಾಯದವರು ಲೋಕೋಪಯೋಗಿ ಇಲಾಖೆ ಅಂದರು. ಅವರು ಪುರಸಭೆ ಅಂದರು. ಪುರಸಭೆಯವರು ಕಂದಾಯದ ಕಡೆಗೇ ಕೈ ತೋರಿಸಿದರು. ಕೊನೆಗೆ ನಿವೃತ್ತರಾದ ಒಬ್ಬ ಜವಾನರ ಮನೆಯಲ್ಲಿ, ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದ್ದ ಗೊಂಚಲು ಸಿಕ್ಕಿತು. ‘ಯಾರೂ ಕೇಳಲಿಲ್ಲಪ್ಪ, ನಾನೂ ಕೊಡಲಿಲ್ಲ’ ಅಂದರು. ಆ 19 ದಿನದಲ್ಲೇ ನನಗೆ ಅರ್ಥ ಆಗಬೇಕಿತ್ತು, ಕಟ್ಟಡ ಯಾರದು ಅಂತಲೇ ಯಾರಿಗೂ ಗೊತ್ತಿಲ್ಲ ಅಂತ. ಅರ್ಥ ಆಗಲಿಲ್ಲ. ನಾವು ಸೀದಾ ದುಡ್ಡು ಹುಡುಕಲು ಹೋದೆವು.

ಒಳಗೆ ಹೇಗಿತ್ತು ಅಂದರೆ, ಮೊಣಕಾಲವರೆಗೆ ಪಾರಿವಾಳದ ಹಿಕ್ಕೆ. ಮುಖಕ್ಕೆ ಟವೆಲ್ ಕಟ್ಟಿಕೊಳ್ಳದೆ ಹೋಗಬೇಡಿ, ನಾನು ಹೋಗಿ ಹತ್ತು ದಿನ ಕೆಮ್ಮಿದೆ. ಬಾಗಿಲ ಮೇಲೆ ಗಾರೆಯಲ್ಲಿ 1908 ಅಂತ ಇದೆ, ನಾಲ್ವಡಿಯವರ ಕಾಲ. ವಯಸ್ಸಾದವರು ಇವತ್ತಿಗೂ ಅದನ್ನು ಅಮಲ್ದಾರ್ ಕಚೇರಿ ಅಂತಲೇ ಕರೆಯೋದು. ಎರಡು ಅಡಿ ದಪ್ಪದ ಗೋಡೆ, ಮುಂದೆ ಮಂಗಳೂರು ಹೆಂಚಿನ ಜಗಲಿ, ಒಳಗೆ ತೇಗದ ತೊಲೆ ಮೇಲೆ ಜಂತೆ ಹಾಕಿ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿ. ಎಡಗಡೆ ಖಜಾನೆ ಕೋಣೆ, ಅದಕ್ಕೆ ಕಿಟಕಿ ಇಲ್ಲ, ಕಬ್ಬಿಣದ ಬಾಗಿಲು. ಬಲಗಡೆ ಮೂಲೆಯಲ್ಲಿ ಕಂಬಿಯ ಲಾಕಪ್ಪು. ಆರು ದೊಡ್ಡ ಕೋಣೆ, ಹಿಂದೆ ಹಿತ್ತಿಲು. ಏಪ್ರಿಲ್ ಬಿಸಿಲಿನಲ್ಲೂ ಒಳಗೆ ತಣ್ಣಗಿರುತ್ತದೆ. ಹೆಡ್ ಮೇಡಂ ಒಂದೇ ಒಂದು ಮಾತು ಹೇಳಿದರು: ‘ಇಲ್ಲಿ ಒಂದು ಕ್ಲಾಸಿನ ಗಲಾಟೆ ಇನ್ನೊಂದಕ್ಕೆ ಕೇಳಿಸಲ್ಲ ನೋಡಿ.’

2022ರ ಡಿಸೆಂಬರ್‌ನಲ್ಲಿ ಎಸ್‌ಡಿಎಂಸಿ (ಪೋಷಕರ ಶಾಲಾಭಿವೃದ್ಧಿ ಸಮಿತಿ) ಸಭೆ ಸೇರಿಸಿ ಠರಾವು ಮಾಡಿದೆವು. ಅಧ್ಯಕ್ಷ ನಾನೇ. ಇಲ್ಲಿ ಒಂದು ಮುಖ್ಯವಾದ ವಿಷಯ, ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ. ಠರಾವಿನಲ್ಲಿ ನಾವು ‘ಹಳೇ ಕಚೇರಿಯಲ್ಲಿ ಶಾಲೆ ಆರಂಭಿಸಲು’ ಅಂತ ಬರೆದಿದ್ದೆವು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಗುಮಾಸ್ತರೊಬ್ಬರು, ಒಳ್ಳೆಯ ಮನುಷ್ಯ, ಪೆನ್ನಿನಿಂದ ‘ಆರಂಭಿಸಲು’ ಹೊಡೆದುಹಾಕಿ ‘ಸ್ಥಳಾಂತರಿಸಲು’ ಅಂತ ಮಾಡಿಕೊಂಡು ಬನ್ನಿ ಅಂದರು. ಆರಂಭ ಅಂದರೆ ಹೊಸ ಶಾಲೆ. ಹೊಸ ಮಂಜೂರಾತಿ, ಹೊಸ ಹುದ್ದೆ, ಎಲ್ಲಾ ಸೊನ್ನೆಯಿಂದ. ಸ್ಥಳಾಂತರ ಅಂದರೆ ಅದೇ ಶಾಲೆ, ಸರ್ಕಾರ ಪ್ರತಿ ಶಾಲೆಗೂ ಕೊಡುವ ಅದೇ 11 ಅಂಕಿಯ ಯುಡೈಸ್ ಕೋಡ್, ಅದೇ ಟೀಚರ್‌ಗಳು, ವಿಳಾಸ ಮಾತ್ರ ಬೇರೆ. ಒಂದು ಪದ ನಮ್ಮನ್ನು ಉಳಿಸಿತು. ನಲವತ್ತು ರೂಪಾಯಿಗೆ ದಿನಾ ಅರ್ಜಿ ಟೈಪ್ ಮಾಡುವ ನನಗೇ ಅದು ಗೊತ್ತಿರಲಿಲ್ಲ ಅನ್ನೋದು ನಾಚಿಕೆ.

ಆಮೇಲೆ ಶುರುವಾಯಿತು ಕಟ್ಟಡ ಯಾರದು ಅನ್ನುವ ಪುರಾಣ. ಕಂದಾಯದ ಹಳೇ ದಾಖಲೆಯಲ್ಲಿ ಅದು ಸರ್ಕಾರಿ ಕಟ್ಟಡ. ರಿಪೇರಿ ಮಾಡುತ್ತಿದ್ದದ್ದು ಲೋಕೋಪಯೋಗಿ, ಹಾಗಾಗಿ ಅವರ ಕಟ್ಟಡ ರಿಜಿಸ್ಟರಿನಲ್ಲೂ ಇದೆ. ಪುರಸಭೆಯ ಪುಸ್ತಕದಲ್ಲಿ ಮುಂದಿನ ಅಂಗಳ ಪುರಸಭೆಯ ಜಾಗ. ಅಷ್ಟೇ ಅಲ್ಲ, ಕಟ್ಟಡ ಕೆಡವಿ ಅಂಗಡಿ ಮಳಿಗೆ ಕಟ್ಟುವ ಒಂದು ಹಳೇ ಪ್ರಸ್ತಾವನೆಯೂ ಯಾವುದೋ ಫೈಲಿನಲ್ಲಿ ಮಲಗಿತ್ತು. ಇದು ನಮಗೆ ಗೊತ್ತಾಗಿದ್ದು ಮಾಹಿತಿ ಹಕ್ಕಿನಲ್ಲಿ ಕೇಳಿದ ಮೇಲೆ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ ಕಾಯುವುದು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ನಾನು ಮೊದಲ ಸಲ ಎರಡು ಪುಟ ಬರೆದು ಕಳಿಸಿದ್ದೆ, ಹಾಗೇ ವಾಪಸ್ ಬಂತು. ‘ಈ ಕಟ್ಟಡದ ಮಾಲೀಕತ್ವದ ದಾಖಲೆಯ ನಕಲು ಕೊಡಿ’ ಅಂತ ಒಂದೇ ಸಾಲು ಮೂರು ಇಲಾಖೆಗೂ ಬೇರೆ ಬೇರೆ ಹಾಕಿ. ಮೂರು ಉತ್ತರ ಪಕ್ಕಪಕ್ಕ ಇಟ್ಟುಕೊಂಡರೆ ನಿಮ್ಮ ಜಗಳ ಎಲ್ಲಿದೆ ಅಂತ ಕಾಣಿಸುತ್ತದೆ.

ಮೂರು ಇಲಾಖೆಯವರನ್ನೂ ಒಟ್ಟಿಗೆ ನಿಲ್ಲಿಸಿ ಜಂಟಿ ಸ್ಥಳ ಪರಿಶೀಲನೆ ಮಾಡಿಸಬೇಕು ಅಂತ ಆಯಿತು. 2023ರ ಏಪ್ರಿಲ್ ಮೊದಲ ವಾರಕ್ಕೆ ದಿನ ಗೊತ್ತಾಯಿತು. ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆ, ನೀತಿ ಸಂಹಿತೆ ಜಾರಿ. ಎಲ್ಲರೂ ಚುನಾವಣೆ ಕೆಲಸಕ್ಕೆ ಹೋದರು. ಫಲಿತಾಂಶ ಬಂದು, ಹೊಸ ಸರ್ಕಾರ ಬಂದು, ವರ್ಗಾವಣೆ ಮುಗಿದು, ಹೊಸ ಸಾಹೇಬರು ಬಂದು, ‘ಏನ್ರೀ ಇದು ವಿಷಯ, ಮೊದಲಿಂದ ಹೇಳಿ’ ಅಂದಾಗ ಜುಲೈ. ನಾನು ಒಂದು ಉಪಾಯ ಮಾಡಿದೆ. ಒಂದೇ ಪುಟದಲ್ಲಿ ತಾರೀಖಿನ ಪ್ರಕಾರ ಎಲ್ಲವನ್ನೂ ಬರೆದು, ಮೇಲೆ ಕಟ್ಟಡದ ಫೋಟೊ, ಸಮುದಾಯ ಭವನದಲ್ಲಿ ಮಕ್ಕಳು ಕೂತ ಫೋಟೊ ಹಾಕಿ, ಐವತ್ತು ಪ್ರತಿ ತೆಗೆದಿಟ್ಟುಕೊಂಡೆ. ಯಾರೇ ಹೊಸಬರು ಬರಲಿ, ಮಾತಿಗೆ ಮುಂಚೆ ಆ ಹಾಳೆ ಕೈಗೆ. ಮಾತಾಡೋಕೆ ಸಿಗುವುದು ಎರಡು ನಿಮಿಷ, ಅದರಲ್ಲಿ ಒಂದೂವರೆ ನಿಮಿಷ ಅವರ ಫೋನ್ ಹೊಡೆದುಕೊಳ್ಳುತ್ತಿರುತ್ತದೆ.

ಹದ್ದುಬಸ್ತು ಸರ್ವೆ, ಅಂದರೆ ಜಾಗದ ಗಡಿ ಅಳತೆ, ಸೆಪ್ಟೆಂಬರ್‌ನಲ್ಲಿ ಆಯಿತು. ಅಂಗಳದ ಒಂದು ಮೂಲೆಯಲ್ಲಿ ಟೀ ಗಾಡಿ, ಹಿಂದೆ ಪಕ್ಕದ ಮನೆಯವರ ಬಚ್ಚಲು ನಾಲ್ಕು ಅಡಿ ಒಳಗೆ ಬಂದಿತ್ತು. ಟೀ ಗಾಡಿಯಣ್ಣ ತಾನಾಗೇ ಆಚೆ ಸರಿದ, ಅವನ ಮಗನೂ ನಮ್ಮ ಶಾಲೆಯಲ್ಲೇ. ಬಚ್ಚಲಿನ ವಿಷಯ ಮಾತಾಡದೆ ಇರುವುದೇ ವಾಸಿ. ನವೆಂಬರ್ ಕೊನೆಗೆ ಆದೇಶ ಬಂತು: ಮಾಲೀಕತ್ವ ಕಂದಾಯ ಇಲಾಖೆಯದ್ದೇ, ಬಳಕೆ ಮಾತ್ರ ಶಾಲಾ ಶಿಕ್ಷಣ ಇಲಾಖೆಗೆ. ಕೆಲವರು ‘ಬಳಕೆ ಮಾತ್ರ’ ಅಂದಿದ್ದಕ್ಕೆ ಬೇಜಾರಾದರು. ನನಗೆ ಆ ಹಾಳೆ ಸಾಕಿತ್ತು. ಅದು ಸಿಗುವ ಮುಂಚೆ ಎಷ್ಟು ಜನರ ಹತ್ತಿರ ದುಡ್ಡು ಕೇಳಿದ್ದೆವು ಗೊತ್ತಾ? ಎಲ್ಲರೂ ಕೇಳಿದ್ದು ಒಂದೇ, ‘ಜಾಗ ನಿಮ್ಮದು ಅನ್ನೋಕೆ ಏನಿದೆ?’ ಶಾಸಕರ ನಿಧಿಯವರೂ ಅದನ್ನೇ ಕೇಳಿದರು, ದುಬೈನಲ್ಲಿರುವ ನಮ್ಮ ಹಳೇ ವಿದ್ಯಾರ್ಥಿಯೂ ಅದನ್ನೇ ಕೇಳಿದ. ನಾವು ಆ ಒಂದು ವರ್ಷ ದುಡ್ಡಿನ ಹಿಂದೆ ಓಡದೆ ಕಾಗದದ ಹಿಂದೆ ಮಾತ್ರ ಓಡಿದ್ದರೆ, ನನ್ನ ಮಗಳು ಒಂದು ವರ್ಷವಾದರೂ ಅಲ್ಲಿ ಕೂರುತ್ತಿದ್ದಳು.

ಆದೇಶ ಬಂದ ಮೇಲೆ ಕಟ್ಟಡ ಗಟ್ಟಿ ಇದೆಯಾ ಅನ್ನುವ ವರದಿ. ಮೊದಲು ಬಂದವರು ಹೊರಗಿನಿಂದಲೇ ನೋಡಿ, ‘ನೂರು ವರ್ಷ ಆಗಿದೆ, ಶಿಥಿಲ ಅಂತ ಬರೆದುಬಿಡ್ತೀನಿ’ ಅಂದರು. ಆ ಪದ ಒಂದು ಸಲ ಫೈಲಿಗೆ ಬಿದ್ದರೆ ಅಲ್ಲಿಗೆ ಮುಗಿಯಿತು, ಆಮೇಲೆ ಬರುವುದು ಜೆಸಿಬಿ. ಅವರನ್ನು ದೂರುವುದೂ ಕಷ್ಟ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಕುಸಿದು ನಾಲ್ಕು ಜನ ಸತ್ತಿದ್ದು ಎಲ್ಲಾ ಎಂಜಿನಿಯರ್‌ಗಳ ತಲೆಯಲ್ಲೂ ಇದೆ, ಯಾರು ಸಹಿ ಹಾಕ್ತಾರೆ? ನಾವು ಕೈಕಾಲು ಹಿಡಿದು ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದ ಒಬ್ಬ ಪ್ರೊಫೆಸರ್ ಅವರನ್ನು ಕರೆಸಿದೆವು. ಅವರು ಇಡೀ ದಿನ ಇದ್ದರು. ಏಣಿ ಹತ್ತಿ ಪ್ರತಿ ತೊಲೆಯ ತುದಿಗೂ, ಅಂದರೆ ಗೋಡೆಯೊಳಗೆ ಕೂರುವ ಜಾಗಕ್ಕೆ, ಸ್ಕ್ರೂಡ್ರೈವರ್ ಚುಚ್ಚಿ ನೋಡಿದರು. ‘ತೊಲೆ ನಡುವೆ ಕೆಡಲ್ಲಪ್ಪ, ಗೋಡೆ ಒಳಗೆ ಒದ್ದೆಯಾಗೋ ತುದಿಯಲ್ಲಿ ಕೆಡೋದು’ ಅಂತ ನನಗೆ ತೋರಿಸಿದರು. 22 ತೊಲೆಯಲ್ಲಿ ಮೂರರ ತುದಿಗೆ ಮಾತ್ರ ಸ್ಕ್ರೂಡ್ರೈವರ್ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು, ಗೆದ್ದಲು. ಉಳಿದವು ಠಣ್ ಅನ್ನುತ್ತಿದ್ದವು. ಅವರ ವರದಿಯಲ್ಲಿ ‘ದುರಸ್ತಿಗೆ ಯೋಗ್ಯ, ಈ ಕೆಳಗಿನ ಷರತ್ತಿಗೆ ಒಳಪಟ್ಟು’ ಅಂತ ಇತ್ತು. ಇಲಾಖೆಯ ಎಂಜಿನಿಯರ್ ಅದನ್ನು ಆಧಾರ ಮಾಡಿಕೊಂಡು ಸಹಿ ಹಾಕಿದರು. ಸಹಿ ಹಾಕುವವರಿಗೂ ಬೆನ್ನಿಗೆ ಒಂದು ಗೋಡೆ ಬೇಕು ನೋಡಿ.

ಅಂದಾಜು ಪಟ್ಟಿ 38 ಲಕ್ಷ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದ 20, ಸಮಗ್ರ ಶಿಕ್ಷಣ ಯೋಜನೆಯ ದುರಸ್ತಿ ಬಾಬ್ತಿನಿಂದ 9, ಉಳಿದದ್ದು ಹಳೇ ವಿದ್ಯಾರ್ಥಿಗಳು. ಊರವರ ದುಡ್ಡನ್ನು ಯಾವತ್ತೂ ಕೈಗೆ ತಗೊಳ್ಳಬೇಡಿ, ಎಸ್‌ಡಿಎಂಸಿ ಜಂಟಿ ಖಾತೆಗೇ ಹಾಕಿಸಿ, ಐನೂರು ರೂಪಾಯಿ ಕೊಟ್ಟರೂ ರಸೀದಿ ಕೊಡಿ. ನಾನು ಹಾಗೇ ಮಾಡಿದೆ, ಆದರೂ ‘ಜೆರಾಕ್ಸ್ ಅಂಗಡಿಯವನು ಮನೆ ಮೇಲೆ ಮನೆ ಕಟ್ಟಿದ’ ಅನ್ನುವ ಮಾತು ಬಂತು. ನನ್ನ ಮನೆಗೆ ಇವತ್ತಿಗೂ ಶೀಟು.

ಟೆಂಡರ್ ಕರೆಯುವ ಹೊತ್ತಿಗೆ ಮಾರ್ಚ್ 16, 2024. ಲೋಕಸಭೆ ಚುನಾವಣೆ ಘೋಷಣೆ. ಮತ್ತೆ ನೀತಿ ಸಂಹಿತೆ, ಈ ಸಲ ಜೂನ್ 6ರವರೆಗೆ. ನಾನು ಅಂಗಡಿಯಲ್ಲಿ ಕೂತು ಮೊಬೈಲ್‌ನಲ್ಲಿ ಆ ಪತ್ರಿಕಾಗೋಷ್ಠಿ ನೋಡುತ್ತಾ ನಕ್ಕುಬಿಟ್ಟೆ. ಹೆಡ್ ಮೇಡಂ ಫೋನ್ ಮಾಡಿ ಅತ್ತರು. ನೀವು ಈ ದಾರಿ ಹಿಡಿಯುವುದಾದರೆ ಮೊದಲು ಚುನಾವಣೆ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಕಾರ್ಯಾದೇಶ ಕೈಗೆ ಬಂದು ಕೆಲಸ ಶುರುವಾಗಿದ್ದರೆ ನೀತಿ ಸಂಹಿತೆ ಬಂದರೂ ಕೆಲಸ ನಡೆಯುತ್ತದೆ. ಶುರುವಾಗಿಲ್ಲದಿದ್ದರೆ ನಿಂತಿತು ಅಂತಲೇ.

ಜುಲೈನಲ್ಲಿ ಅಂತೂ ಕೆಲಸ ಶುರು. ಹಿತ್ತಿಲಲ್ಲಿ ಶೌಚಾಲಯಕ್ಕೆ ಪಾಯ ತೆಗೆದು ನಾಲ್ಕನೇ ದಿನಕ್ಕೆ ನೋಟಿಸ್ ಬಂತು, ಕೆಲಸ ನಿಲ್ಲಿಸಿ ಅಂತ. ನಮ್ಮ ಊರಲ್ಲಿ ಒಂದು ಹೊಯ್ಸಳರ ಕಾಲದ ಗುಡಿ ಇದೆ, ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ನೀಲಿ ಬೋರ್ಡ್ ನೋಡಿಕೊಂಡೇ ಬೆಳೆದವರು ನಾವು, ಆದರೆ ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಹೊಳೆದಿರಲೇ ಇಲ್ಲ. ಕಾನೂನು ಹೀಗಿದೆ. ರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದ ಮುಂದಕ್ಕೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತದಲ್ಲಿ ಹೊಸದಾಗಿ ಕಟ್ಟುವ ಹಾಗಿಲ್ಲ. ಆದರೆ ಅಲ್ಲಿ 1992ರ ಜೂನ್ 16ಕ್ಕೆ ಮುಂಚೆ ಇದ್ದ ಕಟ್ಟಡವನ್ನು ಅನುಮತಿ ತಗೊಂಡು ರಿಪೇರಿ ಮಾಡಬಹುದು. ನಿಯಂತ್ರಿತದಲ್ಲಿ ಅನುಮತಿ ಇದ್ದರೆ ಹೊಸದನ್ನೂ ಕಟ್ಟಬಹುದು.

ನಾವು ಗುಡಿಯ ಗೋಡೆಯಿಂದ ಟೇಪು ಹಿಡಿದು ಅಳೆದು, ಪಾಯ 120 ಮೀಟರ್ ದೂರ ಇದೆ ಅಂತ ಖುಷಿಯಾದೆವು. ಸರ್ವೇಯರ್ ಕೇಳಿದರು, ‘ಗುಡಿಯಿಂದ ಯಾಕೆ ಅಳೀತೀರಾ, ಬೇಲಿಯಿಂದ ಅಳೀರಿ.’ ರಕ್ಷಿತ ಜಾಗದ ಗಡಿ ಅಂದರೆ ಬೇಲಿ, ಗೋಪುರ ಅಲ್ಲ. ಮತ್ತೆ ಶುರು. ಹೂವಿನ ಅಂಗಡಿ ಪಕ್ಕದ ಬೇಲಿ ಕಂಬದ ಹತ್ತಿರ ಒಬ್ಬ ಹುಡುಗ ಟೇಪಿನ ತುದಿ ಒತ್ತಿ ಹಿಡಿದ. 30 ಮೀಟರಿನ ಟೇಪು, ಪ್ರತಿ ಸಲ ಸುಣ್ಣದಲ್ಲಿ ಗುರುತು ಹಾಕಿ ಮುಂದಕ್ಕೆ. ಪೇಟೆಯ ಅರ್ಧ ಜನ ಹಿಂದೆ ಬರುತ್ತಿದ್ದರು. ಜಗಲಿಯ ಮೆಟ್ಟಿಲಿಗೆ 71. ಹಿಂದಿನ ಗೋಡೆ ದಾಟಿ, ಹಿತ್ತಿಲಿಗೆ ಇಳಿದು, ಪಾಯದ ಹತ್ತಿರ ಸರ್ವೇಯರ್ ಬಗ್ಗಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. 97. ಮೂರು ಮೀಟರ್ ಕಡಿಮೆ. ಯಾರೂ ಮಾತಾಡಲಿಲ್ಲ. ಮೇಸ್ತ್ರಿ ಗುದ್ದಲಿ ಹೆಗಲ ಮೇಲೆ ಇಟ್ಟುಕೊಂಡು, ‘ಆ ಸೀಬೆ ಮರದ ಆಚೆ ಹೋಗೋಣ ಬಿಡಿ ಸಾರ್’ ಅಂದ. ಹಾಗೇ ಆಯಿತು. ಪಾಯ ಮುಚ್ಚಿ, ಎಂಟು ಮೀಟರ್ ಹಿಂದೆ ಸೀಬೆ ಮರದ ಆಚೆ ಹೊಸ ಪಾಯ. ಕಟ್ಟಡದ ರಿಪೇರಿಗೆ ಒಂದು ಅರ್ಜಿ, ಶೌಚಾಲಯಕ್ಕೆ ಇನ್ನೊಂದು. ನಕ್ಷೆ, ಫೋಟೊ, ಸರ್ವೆ ಸ್ಕೆಚ್ಚು, ಬಳಕೆಯ ಆದೇಶ, 1992ಕ್ಕೆ ಮುಂಚೆ ಕಟ್ಟಡ ಇತ್ತು ಅನ್ನೋಕೆ ಸಾಕ್ಷಿ. ಸಾಕ್ಷಿಗೆ ಗಾರೆಯ ಮೇಲಿನ 1908 ಇದ್ದೇ ಇತ್ತು, ಆದರೆ ಫೋಟೊ ಸಾಲದು, ಕಾಗದ ಬೇಕು ಅಂದರು. ನಮ್ಮಪ್ಪನ ಹಳೇ ಟ್ರಂಕಿನಲ್ಲಿ 1970ರ ದಶಕದ ಕಚೇರಿ ಸೀಲು ಇದ್ದ ಅರ್ಜಿಯ ಕಾರ್ಬನ್ ಕಾಪಿಗಳು ಸಿಕ್ಕವು. ಅವನ್ನೂ ಲಗತ್ತಿಸಿದೆ. ಅನುಮತಿ ಬಂದಿದ್ದು ನವೆಂಬರ್‌ನಲ್ಲಿ. ಈ ಅರ್ಜಿಯನ್ನು ಎಲ್ಲಕ್ಕಿಂತ ಮೊದಲೇ ಹಾಕಿದ್ದರೆ ಬೇರೆ ಫೈಲುಗಳ ಜೊತೆಗೇ ಓಡುತ್ತಿತ್ತು. ನಿಮ್ಮ ಊರಲ್ಲಿ ನೀಲಿ ಬೋರ್ಡ್ ಇರುವ ಗುಡಿ, ಕೋಟೆ, ಮಸೀದಿ, ಗೋರಿ ಏನಿದ್ದರೂ ಮೊದಲ ದಿನವೇ ಟೇಪು ಹಿಡಿಯಿರಿ, ಬೇಲಿಯಿಂದ.

ಡಿಸೆಂಬರ್‌ನಿಂದ ಮೇವರೆಗೆ ಕೆಲಸ. ಇಲ್ಲಿ ಕಂಟ್ರಾಕ್ಟರ್ ಜೊತೆ ಒಂದು ಜಗಳ ಆಯಿತು, ಸಿಮೆಂಟಿನ ಮೇಲೆ. ಮಧ್ಯೆ ಯಾವಾಗಲೋ ಗೋಡೆಯ ಕೆಳಭಾಗಕ್ಕೆ ಸಿಮೆಂಟ್ ಮೆತ್ತಿದ್ದರು, ಅಲ್ಲೆಲ್ಲ ಉಪ್ಪು ಬಂದು ಗೋಡೆ ಉಬ್ಬಿತ್ತು. ನೆಲದಿಂದ ಹತ್ತುವ ತೇವ ಸುಣ್ಣದ ಗಾರೆಯಲ್ಲಿ ಹೊರಗೆ ಹೋಗುತ್ತದೆ, ಸಿಮೆಂಟ್ ಬಾಯಿ ಮುಚ್ಚಿಬಿಡುತ್ತದೆ, ತೇವ ಒಳಗೇ ಕೂತು ಇಟ್ಟಿಗೆ ತಿನ್ನುತ್ತದೆ. ಪ್ರೊಫೆಸರ್ ಬರೆದಿದ್ದರು, ಸುಣ್ಣವೇ ಆಗಬೇಕು ಅಂತ. ಕಂಟ್ರಾಕ್ಟರ್‌ಗೆ ಸುಣ್ಣದ ಕೆಲಸ ಗೊತ್ತಿರುವ ಆಳು ಸಿಗಲಿಲ್ಲ. ಕೊನೆಗೆ ಪಕ್ಕದ ಜಿಲ್ಲೆಯಲ್ಲಿ ದೇವಸ್ಥಾನ ರಿಪೇರಿ ಮಾಡುತ್ತಿದ್ದ ಎಪ್ಪತ್ತು ದಾಟಿದ ಒಬ್ಬ ತಾತ ಬಂದರು. ಹಿತ್ತಿಲಲ್ಲಿ ಗುಂಡಿ ತೋಡಿಸಿ ಸುಣ್ಣದ ಕಲ್ಲು ನೆನೆಹಾಕಿದರು, ಬುಸಬುಸ ಅಂತ ಕುದಿಯಿತು. ಅದನ್ನು ವಾರಗಟ್ಟಲೆ ಮುಟ್ಟುವ ಹಾಗಿಲ್ಲ ಅಂದರು. ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು ಬೇರೆ ಡ್ರಮ್ಮಿನಲ್ಲಿ, ಹುಳಿ ವಾಸನೆ ನನ್ನ ಅಂಗಡಿಗೂ ಬರುತ್ತಿತ್ತು. ಬೆಲ್ಲದ ಬಿಲ್ ನೋಡಿ ಲೆಕ್ಕ ತಪಾಸಣೆಯವರು, ‘ಕಟ್ಟಡಕ್ಕೆ ಬೆಲ್ಲ ಯಾಕೆ, ಬಿಸಿಯೂಟದ್ದು ಇಲ್ಲಿ ಸೇರಿದೆಯಾ?’ ಅಂತ ಕೇಳಿದರು. ಅದಕ್ಕೂ ಒಂದು ವಿವರಣೆ ಪತ್ರ ಟೈಪ್ ಮಾಡಿದೆ.

ಅಗ್ನಿಶಾಮಕದವರು ಬಂದಾಗ ನನಗೆ ಭಯ ಇತ್ತು, ಆದರೆ ಎಲ್ಲರಿಗಿಂತ ಚೆನ್ನಾಗಿ ನೋಡಿದವರು ಅವರೇ. ತಮಿಳುನಾಡಿನ ಕುಂಭಕೋಣಂನಲ್ಲಿ 2004ರಲ್ಲಿ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರಲ್ಲ, ಅದು ಹೊತ್ತಿಕೊಂಡಿದ್ದು ಅಡುಗೆಮನೆಯಿಂದ. ಆಮೇಲೆ 2009ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳ ಸುರಕ್ಷತೆಗೆ ನಿರ್ದೇಶನ ಕೊಟ್ಟಿತು. ನಾವು ಬಿಸಿಯೂಟದ ಅಡುಗೆಗೆ ಒಳಗಿನ ಒಂದು ಕೋಣೆ ಗೊತ್ತು ಮಾಡಿದ್ದೆವು, ಅವರು ಬೇಡವೇ ಬೇಡ ಅಂದರು. ಹಿತ್ತಿಲಲ್ಲಿ ಬೇರೆ ಅಡುಗೆಮನೆ, ಸಿಲಿಂಡರ್ ಅದರ ಆಚೆ. ಹಿಂಬದಿಗೆ ಎರಡನೇ ಬಾಗಿಲು. ಖಜಾನೆಯ ಕಬ್ಬಿಣದ ಬಾಗಿಲು, ಲಾಕಪ್ಪಿನ ಬಾಗಿಲು ಎರಡಕ್ಕೂ ಚಿಲಕ ಕತ್ತರಿಸಿ ತೆಗೆಯಬೇಕು ಅಂದರು, ಆಟ ಆಡುತ್ತಾ ಒಂದು ಮಗು ಒಳಗೆ ಸಿಕ್ಕಿಕೊಂಡರೆ ಏನು ಗತಿ? ಲಾಕಪ್ಪಿನ ಬಾಗಿಲನ್ನೇ ತೆಗೆದುಬಿಟ್ಟೆವು, ಕಿಟಕಿಯ ಕಂಬಿ ಮಾತ್ರ ಉಳಿಸಿದೆವು. ಖಜಾನೆಗೆ ಹೊರಗಿನಿಂದ ಬೀಗ ಇಟ್ಟುಕೊಳ್ಳೋಕೆ ಆಮೇಲೆ ಒಪ್ಪಿದರು, ಯಾಕೆಂದರೆ ಅಲ್ಲಿಗೆ ಮಕ್ಕಳು ಹೋಗುವುದೇ ಇಲ್ಲ. ಈಗ ಅಲ್ಲಿರುವುದು ಬಿಸಿಯೂಟದ ಅಕ್ಕಿ, ಬೇಳೆ, ಹಾಲಿನ ಪುಡಿ. ಸಮುದಾಯ ಭವನದಲ್ಲಿ ಇಲಿ ಮೂಟೆಗಟ್ಟಲೆ ತಿಂದಿತ್ತು. ಇಲ್ಲಿ ಇಲಿಗೆ ದಾರಿಯೇ ಇಲ್ಲ. ಮಹಾರಾಜರ ಕಾಲದ ಬೆಳ್ಳಿ ರೂಪಾಯಿ ಇಟ್ಟ ಕೋಣೆ ತೊಗರಿಬೇಳೆಗೂ ಚೆನ್ನಾಗಿಯೇ ಒದಗುತ್ತದೆ.

ಒಟ್ಟು ಖರ್ಚು 44 ಲಕ್ಷಕ್ಕೆ ಹೋಯಿತು. ಜಾಸ್ತಿ ಆಗಿದ್ದು ಮುಖ್ಯವಾಗಿ ಅಡುಗೆಮನೆ, ಮುಚ್ಚಿದ ಪಾಯ, ಪೂರ್ತಿ ಹೊಸ ವೈರಿಂಗ್. ನನ್ನ ಕೈಯಿಂದ ಹೋಗಿದ್ದು ಬಸ್ಸು, ಊಟ, ಪೋಸ್ಟು ಸೇರಿ 19 ಸಾವಿರ ಚಿಲ್ಲರೆ, ಜೆರಾಕ್ಸ್ ಲೆಕ್ಕ ಇಡಲಿಲ್ಲ. ಇಳಿಜಾರು ದಾರಿ ಮಾಡಿಸಿದ್ದು ಕಡೆಗೆ. ಜಗಲಿಗೆ ಐದು ಮೆಟ್ಟಿಲು, ಗಾಲಿಕುರ್ಚಿಯ ಒಂದು ಮಗು ನಮ್ಮಲ್ಲಿದೆ, ಅದು ಅಂದಾಜು ಪಟ್ಟಿಯಲ್ಲೇ ಬಿಟ್ಟುಹೋಗಿತ್ತು. ನೀವು ಮೊದಲೇ ಬರೆಸಿ.

ಇನ್ನೊಂದು ವಿಷಯ. ನನ್ನ ಮಗಳು ಮಾರ್ಚ್‌ನಲ್ಲಿ 7ನೇ ಕ್ಲಾಸು ಮುಗಿಸಿದಳು, ಈಗ ಹೈಸ್ಕೂಲು. ಮೂರು ವರ್ಷ ಅವಳು ಓದಿದ್ದೆಲ್ಲ ಸಮುದಾಯ ಭವನದಲ್ಲೇ. ಈ ಕಟ್ಟಡದಲ್ಲಿ ಒಂದು ದಿನವೂ ಕೂರಲಿಲ್ಲ. ಅವಳು ಶಾಲೆ ಬಿಟ್ಟ ಮೇಲೆ ನಾನು ಪೋಷಕನೂ ಅಲ್ಲ, ಹಾಗಾಗಿ ಅಧ್ಯಕ್ಷನೂ ಅಲ್ಲ. ಪ್ರಾರಂಭೋತ್ಸವದ ದಿನ ನಾನು ಅಂಗಡಿ ಬಾಗಿಲಲ್ಲೇ ನಿಂತು ನೋಡಿದೆ, ಹೆಡ್ ಮೇಡಂ ಬಂದು ಕೈ ಹಿಡಿದು ಎಳೆದುಕೊಂಡು ಹೋದರು. ಸಂಜೆ ಮಗಳು ಒಬ್ಬಳೇ ಒಳಗೆ ಹೋಗಿ ಎಲ್ಲಾ ಕೋಣೆ ಸುತ್ತಿ ಬಂದು, ‘ಚೆನ್ನಾಗಿದೆ ಅಪ್ಪ’ ಅಂದಳು, ಅಷ್ಟೇ.

ನಿನ್ನೆ ಬೆಳಿಗ್ಗೆ ಹಳ್ಳಿಯಿಂದ ಬಂದ ಒಬ್ಬ ತಾತ, ಕಂಕುಳಲ್ಲಿ ಛತ್ರಿ, ಕೈಯಲ್ಲಿ ಪ್ಲಾಸ್ಟಿಕ್ ಕವರು, ಸೀದಾ ಜಗಲಿ ಹತ್ತಿ 3ನೇ ಕ್ಲಾಸಿನ ಬಾಗಿಲಲ್ಲಿ ನಿಂತುಕೊಂಡಿತು. ‘ಪಹಣಿ ಕೊಡೋದು ಎಲ್ಲವ್ವ?’ ಒಂದು ಹುಡುಗಿ ಎದ್ದು ಹೊರಗೆ ಬಂದು, ದಿನಾ ಹೇಳಿ ಅಭ್ಯಾಸ ಆದವಳ ಹಾಗೆ, ‘ತಾತ, ಅದು ಬಸ್ ಸ್ಟ್ಯಾಂಡ್ ಹಿಂದೆ. ಅರ್ಜಿ ಬರೆಸಬೇಕಾ? ಎದುರಿಗೆ ಅಂಕಲ್ ಇದಾರೆ’ ಅಂತ ನನ್ನ ಕಡೆ ಬೆರಳು ತೋರಿಸಿದಳು. ತಾತ ರಸ್ತೆ ದಾಟಿ ಬಂದು ನನ್ನ ಸ್ಟೂಲಿನ ಮೇಲೆ ಕೂತು, ಒಂದು ಸಲ ಹಿಂದಕ್ಕೆ ತಿರುಗಿ ನೋಡಿ, ‘ಅಮಲ್ದಾರ್ ಕಚೇರೀಲಿ ಮಗ್ಗಿ ಹೇಳ್ತಾ ಅವರಲ್ಲಪ್ಪ’ ಅಂದಿತು. ನಾನು ಹಾಳೆ ಹಾಕಿ, ಸರ್ವೆ ನಂಬರ್ ಎಷ್ಟು ಅಂತ ಕೇಳಿದೆ.